ಒಂದು ಕೋಣೆಯ ಗಂಟು, ಹತ್ತೂರ ಪಾಲು

ಚೀನಾದ ವಾಯವ್ಯ ಮೂಲೆ, ಗಾನ್ಸು ಪ್ರಾಂತ್ಯ. ಡುನ್‌ಹುವಾಂಗ್ ಪಟ್ಟಣ ಬಿಟ್ಟು ಆಗ್ನೇಯಕ್ಕೆ 25 ಕಿಲೋಮೀಟರ್ ಹೋದರೆ ರಸ್ತೆ ಒಂದು ಕಣಿವೆಗೆ ಇಳಿಯುತ್ತದೆ. ಒಂದು ಬದಿಗೆ ಗಾಳಿ ಬೀಸಿದಾಗಲೆಲ್ಲ ಮೈ ಬದಲಿಸುವ ಮರಳುದಿಬ್ಬಗಳು. ಎದುರು ಬದಿಗೆ ಹುಲ್ಲುಕಡ್ಡಿಯೂ ಇಲ್ಲದ ಸಾನ್‌ವೇಯಿ ಬೆಟ್ಟ. ನಡುವೆ ಹರಿದೂ ಹರಿಯದಂತಿರುವ ಸಣ್ಣ ಹೊಳೆ, ದಡದಲ್ಲಿ ಪಾಪ್ಲರ್ ಮರಗಳ ಸಾಲು. ಮರಗಳ ಎಲೆಸಂದಿಯಲ್ಲಿ ಕಣ್ಣು ಹಾಯಿಸಿದರೆ ಒಂದೂವರೆ ಕಿಲೋಮೀಟರಿಗೂ ಉದ್ದಕ್ಕೆ ನಿಂತ ಕಡಿದಾದ ಬಂಡೆಗೋಡೆ. ಅದರ ತುಂಬ ಅಂತಸ್ತು ಅಂತಸ್ತಾಗಿ ಬಾಗಿಲುಗಳು.

ಇವು ಮೊಗಾವೊ ಗುಹೆಗಳು. ಕ್ರಿ.ಶ. 366ರಲ್ಲಿ ಲೆಜುನ್ ಎಂಬ ಭಿಕ್ಷು ಇಲ್ಲಿಗೆ ಬಂದಾಗ ಎದುರಿನ ಬೆಟ್ಟದ ಮೇಲೆ ಸಾವಿರ ಬುದ್ಧರು ಹೊಂಬೆಳಕಿನಲ್ಲಿ ಹೊಳೆದರಂತೆ. ಅವನು ಕೊರೆದದ್ದು ಒಂದೇ ಗುಹೆ. ಆಮೇಲೆ ಸಾವಿರ ವರ್ಷ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಇಂದು ಲೆಕ್ಕಕ್ಕೆ ಸಿಗುವ ಗುಹೆಗಳು 735. ಅವುಗಳಲ್ಲಿ 492ರಲ್ಲಿ ಚಿತ್ರ, ವಿಗ್ರಹಗಳಿವೆ. ಬರೀ ಭಿತ್ತಿಚಿತ್ರಗಳನ್ನು ಅಳೆದರೆ 45,000 ಚದರ ಮೀಟರ್.

ಇಲ್ಲಿಯ ಬಂಡೆ ಕೆತ್ತನೆಗೆ ಒಗ್ಗುವುದಿಲ್ಲ. ಹೊಳೆಗಲ್ಲು, ಮರಳು, ಮಣ್ಣು ಕಲೆತು ಗಟ್ಟಿಯಾದದ್ದು. ಬಾದಾಮಿಯ ಮರಳುಗಲ್ಲಿನಲ್ಲಿ ಉಳಿ ಬಿಡಿಸಿದ ರೂಪವನ್ನು ಇಲ್ಲಿ ಬಿಡಿಸಹೋದರೆ ಹರಳು ಉದುರುತ್ತದೆ, ಅಷ್ಟೆ. ಹಾಗಾಗಿ ಇಲ್ಲಿಯವರು ಗೋಡೆಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದರು, ಅದರ ಮೇಲೆ ತೆಳ್ಳಗೆ ಬಿಳಿ ಲೇಪ ಕೊಟ್ಟರು, ಆಮೇಲೆ ಕುಂಚ ಹಿಡಿದರು. ಅಫ್ಘಾನಿಸ್ತಾನದ ಬೆಟ್ಟಗಳಿಂದ ಒಂಟೆಯ ಬೆನ್ನ ಮೇಲೆ ಬಂದ ನೀಲಿ, ತಾಮ್ರದ ಅದಿರಿನ ಹಸಿರು, ಸೀಸದ ಕೆಂಪು. ನೀಲಿ, ಹಸಿರುಗಳು ಇಂದಿಗೂ ನಿನ್ನೆ ಬಳಿದಂತಿವೆ. ಸೀಸದ ಕೆಂಪು ಮಾತ್ರ ಶತಮಾನಗಳ ಗಾಳಿ ಬೆಳಕಿಗೆ ಕಪ್ಪಿಗೆ ತಿರುಗಿದೆ. ಎಷ್ಟೋ ಬೋಧಿಸತ್ವರ ಮುಖ ಈಗ ಕಾಡಿಗೆಯ ಬಣ್ಣ.

ಇಷ್ಟೆಲ್ಲ ವೈಭವದ ನಡುವೆ ಜಗತ್ತಿನ ಕಣ್ಣು ಸೆಳೆದದ್ದು ಒಂದು ಪುಟ್ಟ ಕೋಣೆ. 16ನೇ ಗುಹೆಯ ಓಣಿಯಲ್ಲಿ ಒಳಗೆ ಹೋಗುವಾಗ ಬಲಗೋಡೆಯಲ್ಲಿ ಅದರ ಬಾಗಿಲು. ಸಂಖ್ಯೆ 17. ಉದ್ದಗಲ ಮೂರು ಮೀಟರಿಗೂ ಕಡಿಮೆ. 9ನೇ ಶತಮಾನದ ಹಾಂಗ್‌ಬಿಯಾನ್ ಎಂಬ ಹಿರಿಯ ಭಿಕ್ಷುವಿನ ನೆನಪಿಗೆ ಕಟ್ಟಿದ್ದು. ಅವನ ಮಣ್ಣಿನ ಪ್ರತಿಮೆ ಗೋಡೆಗೆ ಬೆನ್ನು ಮಾಡಿ ಕುಳಿತಿದೆ. ಹಿಂದಿನ ಗೋಡೆಯಲ್ಲಿ ಎರಡು ಮರಗಳ ಚಿತ್ರ. ಒಂದರ ಕೊಂಬೆಗೆ ಜೋಳಿಗೆ, ಇನ್ನೊಂದಕ್ಕೆ ನೀರಿನ ಕುಡಿಕೆ ನೇತುಬಿದ್ದಿವೆ. ಮರದಡಿ ಬೀಸಣಿಗೆ ಹಿಡಿದ ಭಿಕ್ಷುಣಿ, ಊರುಗೋಲು ಹಿಡಿದ ಸೇವಕಿ. ಕೋಣೆಯಲ್ಲಿ ಈಗ ಇರುವುದು ಹೆಚ್ಚುಕಡಿಮೆ ಇಷ್ಟೆ.

ಇಲ್ಲಿದ್ದ ಉಳಿದದ್ದೆಲ್ಲ ಲಂಡನ್, ಪ್ಯಾರಿಸ್, ಬೀಜಿಂಗ್, ಸೇಂಟ್ ಪೀಟರ್ಸ್‌ಬರ್ಗ್, ಕ್ಯೋಟೊ, ದೆಹಲಿ ಮೊದಲಾದ ಊರುಗಳಲ್ಲಿದೆ. ಮತ್ತು, ಕಳೆದ ಕಾಲು ಶತಮಾನದಿಂದ, ಅದರ ದೊಡ್ಡ ಪಾಲು ಕಂಪ್ಯೂಟರ್ ಪರದೆಯ ಮೇಲೂ ಬರುತ್ತಿದೆ.

ಎಣ್ಣೆದೀಪ

1900ರ ಬೇಸಿಗೆ. ವಾಂಗ್ ಯುವಾನ್‌ಲು ಎಂಬ ದಾವೊ ಪಂಥದ ಬಡ ಸನ್ಯಾಸಿ ಯಾರೂ ನೇಮಿಸದೆಯೇ ಈ ಗುಹೆಗಳ ಕಾವಲುಗಾರನಾಗಿದ್ದ. ಭಿಕ್ಷೆ ಎತ್ತಿ ಕಾಸು ಕೂಡಿಸುವುದು, ಆಳುಗಳನ್ನಿಟ್ಟು ಗುಹೆಗಳೊಳಗೆ ನುಗ್ಗಿದ ಮರಳು ತೆಗೆಸುವುದು, ಮುರಿದ ವಿಗ್ರಹಗಳಿಗೆ ಹೊಸ ಕೈಕಾಲು ಮಾಡಿಸುವುದು, ಇದೇ ಅವನ ಬದುಕು. 16ನೇ ಗುಹೆಯ ಮರಳು ತೆಗೆಸುವಾಗ ಓಣಿಯ ಗೋಡೆಯಲ್ಲೊಂದು ಬಿರುಕು ಕಂಡಿತು. ತಟ್ಟಿ ನೋಡಿದರೆ ಹಿಂದೆ ಪೊಳ್ಳು. ಒಡೆದರೆ ಬಾಗಿಲು. ದೀಪ ಹಿಡಿದು ಇಣುಕಿದರೆ ನೆಲದಿಂದ ಮೇಲೆ ಆಳಿನೆತ್ತರ ಮೀರಿ ಸೌದೆ ಒಟ್ಟಿದಂತೆ ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು.

11ನೇ ಶತಮಾನದ ಆದಿಯಲ್ಲಿ ಯಾರೋ ಈ ಕೋಣೆ ತುಂಬಿ, ಬಾಗಿಲಿಗೆ ಗೋಡೆ ಎಬ್ಬಿಸಿ, ಅದರ ಮೇಲೆ ಚಿತ್ರ ಬರೆಸಿ ಮರೆಮಾಚಿದ್ದರು. 1006ರ ಸುಮಾರಿಗೆ ಪಕ್ಕದ ಬೌದ್ಧ ರಾಜ್ಯ ಖೋತಾನ್ ಶತ್ರುಗಳ ಕೈಸೇರಿದಾಗ ಹೆದರಿ ಬಚ್ಚಿಟ್ಟರು ಎನ್ನುವವರಿದ್ದಾರೆ. ಹರಿದು ಹಳತಾದ ಪವಿತ್ರ ಗ್ರಂಥಗಳನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ, ಅದಕ್ಕೆಂದೇ ಮಾಡಿದ ಉಗ್ರಾಣ ಎನ್ನುವವರೂ ಇದ್ದಾರೆ. ಏನೇ ಇರಲಿ, ಒಂಬತ್ತು ಶತಮಾನ ಅಲ್ಲಿ ಬೆಳಕಿರಲಿಲ್ಲ, ತೇವವಿರಲಿಲ್ಲ, ಹುಳುವಿರಲಿಲ್ಲ. ಸುಮಾರು 50 ಸಾವಿರ ಬರಹಗಳು, ನೂರಾರು ರೇಷ್ಮೆಚಿತ್ರಗಳು, ಧ್ವಜಪಟಗಳು, ಕಸೂತಿಗಳು ಇದ್ದ ಹಾಗೇ ಇದ್ದವು.

ವಾಂಗ್ ಊರ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ, ಮಾದರಿಗೆಂದು ಕೆಲವು ಸುರುಳಿಗಳನ್ನು ಕೊಟ್ಟ. ಮೇಲಿನಿಂದ ಬಂದ ಉತ್ತರ ಒಂದೇ: ಬಾಗಿಲು ಹಾಕಿಡು. ಅವನು ಬೀಗ ಜಡಿದ.

ಕೋಣೆ ಸಿಕ್ಕ ಏಳು ವರ್ಷದ ನಂತರ ಆ ಬೀಗದ ಎದುರು ಬಂದು ನಿಂತವನು ಆರೆಲ್ ಸ್ಟೈನ್. ಹುಟ್ಟೂರು ಬುಡಾಪೆಸ್ಟ್, ಲಾಹೋರಿನ ಓರಿಯೆಂಟಲ್ ಕಾಲೇಜಿನಲ್ಲಿ ಪ್ರಾಂಶುಪಾಲನಾಗಿದ್ದವನು. ಅವನ ಯಾತ್ರೆಯ ಖರ್ಚಿನಲ್ಲಿ ಐದರಲ್ಲಿ ಮೂರು ಪಾಲು ಭಾರತ ಸರ್ಕಾರದ್ದು, ಎರಡು ಪಾಲು ಬ್ರಿಟಿಷ್ ಮ್ಯೂಸಿಯಂನದು. ಚೀನೀ ಓದಲು ಅವನಿಗೆ ಬರುತ್ತಿರಲಿಲ್ಲ. ಜಿಯಾಂಗ್ ಎಂಬ ಕಾರ್ಯದರ್ಶಿಯೇ ಅವನ ನಾಲಗೆ, ಅವನ ಕಣ್ಣು. ಹಣದ ಮಾತಿಗೆ ವಾಂಗ್ ಬಗ್ಗಲಿಲ್ಲ. ಆಗ ಸ್ಟೈನ್ ತೆಗೆದದ್ದು ಹ್ಯೂಯೆನ್ ತ್ಸಾಂಗನ ಹೆಸರು.

ಈ ಭಿಕ್ಷು ನಮ್ಮ ಓದುಗರಿಗೆ ಹೊಸಬನಲ್ಲ. ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನೂ ಅವನ ನಾಡಿನವರ ಸ್ವಾಭಿಮಾನವನ್ನೂ ಬರೆದಿಟ್ಟವನು ಅವನೇ. ದಖ್ಖನ್ನಿನಲ್ಲಿ ಅಲೆದು, ನಾಳಂದದಲ್ಲಿ ಓದಿ, 657 ಗ್ರಂಥಗಳ ಹೊರೆಯೊಂದಿಗೆ 645ರಲ್ಲಿ ಚಾಂಗ್‌ಆನ್ ತಲುಪುವ ಮೊದಲು ಅವನು ಹಾದುಹೋದದ್ದು ಇದೇ ಡುನ್‌ಹುವಾಂಗ್ ದಾರಿಯಲ್ಲಿ. ವಾಂಗ್ ಅವನ ಪರಮಭಕ್ತ. ಗುಹೆಯೆದುರು ತಾನು ಕಟ್ಟಿಸಿದ ಮಂಟಪದ ಗೋಡೆಗಳಲ್ಲಿ ಅವನ ಸಾಹಸಗಳ ಚಿತ್ರ ಬರೆಸಿದ್ದ. ಒಂದರಲ್ಲಿ ಗ್ರಂಥ ಹೊತ್ತ ಕುದುರೆ ತುಂಬಿದ ಹೊಳೆಯ ದಂಡೆಯಲ್ಲಿ ನಿಂತಿತ್ತು. ಸ್ಟೈನ್ ಅದನ್ನೇ ತೋರಿಸಿ ಮಾತು ಹೆಣೆದ: ಭಾರತದಿಂದ ಬಂದ ಗ್ರಂಥಗಳು ಭಾರತದ ಕಡೆಗೆ ಮರಳಬಾರದೇಕೆ? ಆ ರಾತ್ರಿ ವಾಂಗ್ ಅಳುಕುತ್ತಲೇ ಕೊಟ್ಟ ಮೊದಲ ಕಟ್ಟನ್ನು ಜಿಯಾಂಗ್ ಬಿಚ್ಚಿದಾಗ ಅದರಲ್ಲಿದ್ದದ್ದು ಹ್ಯೂಯೆನ್ ತ್ಸಾಂಗನೇ ಭಾರತದಿಂದ ತಂದು ಚೀನೀಗೆ ಅನುವಾದಿಸಿದ ಸೂತ್ರಗಳು. ವಾಂಗನ ಮಟ್ಟಿಗೆ ಇದು ಸ್ವರ್ಗದ ಅಪ್ಪಣೆ. ಬೀಗ ತೆರೆಯಿತು.

ಆಮೇಲೆ ರಾತ್ರಿ ರಾತ್ರಿ ಕಟ್ಟುಗಳು ಗುಹೆಯಿಂದ ಗುಡಾರಕ್ಕೆ ಸಾಗಿದವು. 24 ಪೆಟ್ಟಿಗೆ ಬರಹ, 5 ಪೆಟ್ಟಿಗೆ ಚಿತ್ರ, ಜವಳಿ. ಸ್ಟೈನ್ ಲೆಕ್ಕದಲ್ಲಿ ಎಲ್ಲ ಸೇರಿ ತಗುಲಿದ್ದು ಸುಮಾರು 130 ಪೌಂಡ್. ಅದರೊಳಗೆ 868ರ ತಾರೀಖು ಹೊತ್ತ ವಜ್ರಚ್ಛೇದಿಕಾ ಸೂತ್ರವಿತ್ತು; ತಾರೀಖು ನಮೂದಾದ ಇಡಿಯ ಮುದ್ರಿತ ಪುಸ್ತಕಗಳಲ್ಲಿ ಜಗತ್ತಿನಲ್ಲೇ ಹಳೆಯದು. ತಾಯಿತಂದೆಯ ಹೆಸರಿನಲ್ಲಿ ವಾಂಗ್ ಜಿಯೆ ಎಂಬುವನು ಹಂಚಲಿಕ್ಕೆಂದು ಅಚ್ಚು ಹಾಕಿಸಿದ್ದು. ಬೆಳ್ಳಿ ಪಡೆದ ಸನ್ಯಾಸಿ ವಾಂಗ್ ಅದನ್ನು ಗುಹೆಗಳ ದುರಸ್ತಿಗೇ ಸುರಿದ.

ಮೇಣದಬತ್ತಿ

1908ರ ವಸಂತ. ಈ ಸಲ ಕೋಣೆಯೊಳಗೆ ಕುಕ್ಕರಗಾಲಲ್ಲಿ ಕುಳಿತವನು ಪಾಲ್ ಪೆಲಿಯೊ, ಮೂವತ್ತು ತುಂಬದ ಫ್ರೆಂಚ್ ವಿದ್ವಾಂಸ. ಸ್ಟೈನ್‌ಗೆ ಇಲ್ಲದ್ದು ಇವನಿಗಿತ್ತು: ಚೀನೀ ಓದು. ಜೊತೆಗಿದ್ದ ಛಾಯಾಗ್ರಾಹಕ ಶಾರ್ಲ್ ನುವೆಟ್ ತೆಗೆದ ಚಿತ್ರದಲ್ಲಿ ಆ ಕ್ಷಣ ಉಳಿದಿದೆ. ಸುತ್ತ ಗೋಡೆಯೆತ್ತರ ಸುರುಳಿಗಳು, ನಡುವೆ ಒಂದು ಮೇಣದಬತ್ತಿ, ಅದರ ಬೆಳಕಿಗೆ ಬಾಗಿ ಒಂದು ಹಾಳೆಯನ್ನು ಕಣ್ಣಿಗೆ ಹಿಡಿದ ಪೆಲಿಯೊ. ಮೂರು ವಾರ ಅವನು ಹೀಗೇ ಕುಳಿತ. ದಿನಕ್ಕೆ ಸಾವಿರ ಸುರುಳಿಯವರೆಗೂ ಬಿಚ್ಚಿ, ಕಣ್ಣಾಡಿಸಿ, ಸುತ್ತಿಟ್ಟ. ಬೇಕಾದದ್ದನ್ನು ಆರಿಸಿ, 500 ತೇಲ್ ಬೆಳ್ಳಿ ಕೊಟ್ಟು ಹೊರಟ.

ಮರುವರ್ಷ ಅವನು ಬೀಜಿಂಗ್‌ನಲ್ಲಿ ಕೆಲವು ಸುರುಳಿಗಳನ್ನು ಚೀನೀ ವಿದ್ವಾಂಸರ ಮುಂದೆ ಬಿಚ್ಚಿದಾಗಲೇ ಚೀನಾದ ರಾಜಧಾನಿಗೆ ತನ್ನ ಮನೆಯಿಂದ ಹೋದದ್ದೇನೆಂದು ಗೊತ್ತಾದದ್ದು. ಅವಸರದ ಆದೇಶ ಹೊರಟಿತು. ಉಳಿದದ್ದನ್ನು ಗಾಡಿಗಳಲ್ಲಿ ತುಂಬಿ ಬೀಜಿಂಗಿಗೆ ತರುವ ದಾರಿಯುದ್ದಕ್ಕೂ ಹಾಳೆಗಳು ಸೋರಿದವು. ಜಪಾನಿನ ಒತಾನಿ ಯಾತ್ರೆಯವರು ಬಂದರು. 1914ರಲ್ಲಿ ಸ್ಟೈನ್ ಮತ್ತೆ ಬಂದ, ಅದೇ ವರ್ಷ ರಷ್ಯದ ಓಲ್ಡನ್‌ಬರ್ಗ್ ಬಂದ. 1924ರಲ್ಲಿ ಹಾರ್ವರ್ಡಿನ ಲ್ಯಾಂಗ್ಡನ್ ವಾರ್ನರ್ ಬಂದಾಗ ಕೋಣೆ ಬರಿದಾಗಿತ್ತು. ಅವನು ಅಂಟು ಬಳಿದು ಗೋಡೆಯ ಚಿತ್ರಗಳನ್ನೇ ಎಬ್ಬಿಸಿಕೊಂಡ, ಮಂಡಿಯೂರಿದ ಒಂದು ಬೋಧಿಸತ್ವ ವಿಗ್ರಹವನ್ನೂ ಹೊತ್ತೊಯ್ದ.

ಪಾಲು ಇಷ್ಟಕ್ಕೇ ನಿಲ್ಲಲಿಲ್ಲ. ತಲುಪಿದ ಊರುಗಳಲ್ಲೂ ಹಿಸ್ಸೆಯಾಯಿತು. ಲಂಡನ್ನಿನಲ್ಲಿ ಬರಹಗಳು ಬ್ರಿಟಿಷ್ ಲೈಬ್ರರಿಗೆ, ಚಿತ್ರಗಳು ಬ್ರಿಟಿಷ್ ಮ್ಯೂಸಿಯಂಗೆ. ಪ್ಯಾರಿಸ್ಸಿನಲ್ಲಿ ಬರಹ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚಿತ್ರ ಗೀಮೆ ಮ್ಯೂಸಿಯಂಗೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹಸ್ತಪ್ರತಿ ಸಂಸ್ಥೆಗೊಂದು ಭಾಗ, ಹರ್ಮಿಟೇಜ್‌ಗೊಂದು ಭಾಗ. ಒತಾನಿ ಸಂಗ್ರಹ ಜಪಾನ್, ಚೀನಾದ ಲ್ಯೂಶುನ್, ಕೊರಿಯಾದ ಸೋಲ್ ಎಂದು ಮೂರು ದೇಶಕ್ಕೆ ಚದುರಿತು. ಸ್ಟೈನ್ ತಂದ ಚಿತ್ರಗಳಲ್ಲಿ ಹಣ ಹಾಕಿದ ಭಾರತಕ್ಕೆ ಸಲ್ಲಬೇಕಾದ್ದು ದೆಹಲಿಗೆ ಬಂತು. ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಕಟ್ಟಿನಲ್ಲಿ ಒಂಬತ್ತು ಶತಮಾನ ಒಟ್ಟಿಗೆ ಮಲಗಿದ್ದ ಚಿತ್ರ ಮತ್ತು ಬರಹ ಪರಸ್ಪರ ಮುಖ ಕಾಣದಂತಾದವು.

ಆದರೂ ಒಂದು ಮಾತು ಹೇಳಬೇಕು. ಗುಹೆಯಲ್ಲಿದ್ದಾಗಲೂ ಈ ರಾಶಿಯನ್ನು ಯಾರೂ ಇಡಿಯಾಗಿ ಕಂಡಿರಲಿಲ್ಲ. ಮುಚ್ಚಿಟ್ಟವರಿಗೆ ಅದು ಉಗ್ರಾಣ, ವಾಂಗನಿಗೆ ಓದಲಾಗದ ನಿಧಿ, ಸ್ಟೈನ್‌ಗೆ ಓದಲಾಗದ ಭಾಷೆ, ಪೆಲಿಯೊಗೆ ಮೂರು ವಾರದ ಗಡುವು. ಒಟ್ಟಿಗಿತ್ತು, ಆದರೆ ಕತ್ತಲಲ್ಲಿತ್ತು.

ಸೇನ್ ನದಿಯ ದಂಡೆ

ಚಿತ್ರದ ಪ್ರತಿಗಳು ಏನು ಮಾಡಬಲ್ಲವು ಎಂಬುದಕ್ಕೆ ಕಂಪ್ಯೂಟರಿಗಿಂತ ಹಳೆಯ ಸಾಕ್ಷಿಯೊಂದಿದೆ. 1930ರ ದಶಕದ ಪ್ಯಾರಿಸ್. ಸೇನ್ ನದಿಯ ದಂಡೆಯ ಹಳೆಪುಸ್ತಕದ ಅಂಗಡಿಯೊಂದರ ಮುಂದೆ ಚಾಂಗ್ ಶುಹಾಂಗ್ ಎಂಬ ಚೀನೀ ಯುವಕ ನಿಂತಿದ್ದ. ಯುರೋಪಿನ ತೈಲವರ್ಣ ಕಲಿಯಲು ಬಂದವನು. ಕೈಗೆ ಸಿಕ್ಕಿದ್ದು ಪೆಲಿಯೊ ಪ್ರಕಟಿಸಿದ್ದ ಡುನ್‌ಹುವಾಂಗ್ ಗುಹೆಗಳ ಚಿತ್ರಸಂಪುಟ. ನುವೆಟ್ ತೆಗೆದ ಕಪ್ಪುಬಿಳುಪು ಫೋಟೋಗಳು. ತನ್ನ ನಾಡಿನಲ್ಲಿ ಸಾವಿರದೈನೂರು ವರ್ಷದ ಹಿಂದೆ ಇಂಥ ಚಿತ್ರಕಲೆ ಇತ್ತೆಂಬುದು ಅವನಿಗೆ ತಿಳಿದದ್ದು ಹೀಗೆ, ಪರದೇಶದ ಬೀದಿಯಲ್ಲಿ. ಅವನು ಊರಿಗೆ ಮರಳಿದ. 1943ರಲ್ಲಿ ಡುನ್‌ಹುವಾಂಗ್ ಸೇರಿ, ಮರುವರ್ಷ ಅಲ್ಲಿ ಆರಂಭವಾದ ಕಲಾ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕನಾದ. ಮರಳು ತಡೆಯಲು ಮಣ್ಣಿನ ಗೋಡೆ ಕಟ್ಟಿಸಿದ, ಮರ ನೆಡಿಸಿದ, ಗುಹೆಗಳೊಳಗೆ ಕುಳಿತು ಚಿತ್ರಗಳನ್ನು ನಕಲು ಮಾಡಿಸಿದ. ಇಂದಿನ ಡುನ್‌ಹುವಾಂಗ್ ಅಕಾಡೆಮಿಯ ಬೇರು ಅದು.

1950ರ ದಶಕದಲ್ಲಿ ಲಂಡನ್ನಿನ ಸುರುಳಿಗಳ ಮೈಕ್ರೋಫಿಲ್ಮ್ ತಯಾರಾಗಿ ಬೀಜಿಂಗ್, ಜಪಾನುಗಳಿಗೆ ಹೋಯಿತು. ವಿದ್ವಾಂಸರು ಕತ್ತಲಕೋಣೆಯಲ್ಲಿ ಯಂತ್ರದ ಹಿಡಿ ತಿರುಗಿಸುತ್ತ ಓದಿದರು. ಕೆಂಪು ಮುದ್ರೆ, ಕೆಂಪು ಶಾಯಿಯ ಚುಕ್ಕಿಗಳು ಅದರಲ್ಲಿ ಮಸುಕು ಕಲೆಗಳಷ್ಟೆ.

ಕ್ಯಾಮೆರಾ ಕೆಳಗೆ ಒಂದು ಸುರುಳಿ

1994ರಲ್ಲಿ ಬ್ರಿಟಿಷ್ ಲೈಬ್ರರಿಯನ್ನು ಕೇಂದ್ರವಾಗಿಟ್ಟುಕೊಂಡು ಅಂತರರಾಷ್ಟ್ರೀಯ ಡುನ್‌ಹುವಾಂಗ್ ಯೋಜನೆ ಶುರುವಾಯಿತು. ಸೂಸನ್ ವಿಟ್‌ಫೀಲ್ಡ್ ಬಹುಕಾಲ ಅದನ್ನು ನಡೆಸಿದರು. 1998ರಲ್ಲಿ ಜಾಲತಾಣ ತೆರೆಯಿತು. 2002ರಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇನ್ನೊಂದು ಕೇಂದ್ರ. ಮುಂದಿನ ವರ್ಷಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್, ಕ್ಯೋಟೊದ ರ್ಯೂಕೊಕು ವಿಶ್ವವಿದ್ಯಾಲಯ, ಬರ್ಲಿನ್, ಡುನ್‌ಹುವಾಂಗ್, ಪ್ಯಾರಿಸ್, ಸೋಲ್ ಜೊತೆಗೂಡಿದವು. ಪ್ರತಿ ಊರಿನವರೂ ತಮ್ಮ ತಮ್ಮ ಭಾಷೆಯಲ್ಲಿ ತಾಣ ನಡೆಸಿದರು. ಮೂಲಪ್ರತಿ ಎಲ್ಲಿದೆಯೋ ಅಲ್ಲೇ ಇರುತ್ತದೆ, ಚಿತ್ರ ಮಾತ್ರ ಎಲ್ಲರಿಗೂ: ಒಪ್ಪಂದದ ತಿರುಳು ಇಷ್ಟು.

ಹೇಳಲು ಸುಲಭ. ಕೆಲಸದ ಮೇಜಿನ ಮುಂದೆ ನಿಂತರೆ ಅದರ ಕಷ್ಟ ತಿಳಿಯುತ್ತದೆ. ಸುರುಳಿ ಐದು ಮೀಟರ್, ಹತ್ತು ಮೀಟರ್ ಉದ್ದ. ಒಂದೇ ಸಲ ಬಿಚ್ಚಿ ಹರಡುವಂತಿಲ್ಲ. ಒಂದು ಬದಿ ಬಿಚ್ಚುತ್ತ ಇನ್ನೊಂದು ಬದಿ ಸುತ್ತುತ್ತ, ಕ್ಯಾಮೆರಾ ಕೆಳಗೆ ಗೇಣು ಗೇಣಾಗಿ ಸರಿಸಬೇಕು. ಪ್ರತಿ ಚೌಕಟ್ಟೂ ಹಿಂದಿನದರ ಅಂಚನ್ನು ಸ್ವಲ್ಪ ಒಳಗೊಳ್ಳಬೇಕು. ಪಕ್ಕದಲ್ಲಿ ಬಣ್ಣದ ಪಟ್ಟಿ, ಅಳತೆಯ ಪಟ್ಟಿ. ಲಂಡನ್ನಿನ ಕಂದು ಬೀಜಿಂಗ್‌ನ ಪರದೆಯಲ್ಲೂ ಅದೇ ಕಂದಾಗಿ ಕಾಣಬೇಕು. ಮುಂಭಾಗ ಮುಗಿದ ಮೇಲೆ ಹಿಂಭಾಗ. ಮರುಭೂಮಿಯ ಊರಿನಲ್ಲಿ ಕಾಗದ ತುಟ್ಟಿ. ಒಂದು ಬದಿಗೆ ಸೂತ್ರ, ಅದರ ಬೆನ್ನಿಗೆ ಸಾಲದ ಲೆಕ್ಕವೋ ಶಾಲೆಯ ಹುಡುಗನ ಕೈಬರಹದ ಅಭ್ಯಾಸವೋ.

ಕ್ಯಾಮೆರಾಕ್ಕೆ ಮೊದಲು ಸಂರಕ್ಷಕರ ಕೈ. ನೂರು ವರ್ಷದ ಹಿಂದೆ ಒಳ್ಳೆಯದಾಗಲೆಂದು ಬೆನ್ನಿಗೆ ಅಂಟಿಸಿದ ದಪ್ಪ ಕಾಗದಗಳೇ ಸುರುಳಿಗಳನ್ನು ಸೀಳುತ್ತಿದ್ದವು. ವಜ್ರಚ್ಛೇದಿಕಾ ಸೂತ್ರದ ಬೆನ್ನಿನ ಅಂಥ ಪದರಗಳನ್ನು ತೇವ ಮಾಡಿ, ಕೂದಲೆಳೆಯಷ್ಟು ಎಳೆಯುತ್ತ ಬಿಡಿಸುವುದಕ್ಕೆ ವರ್ಷಗಟ್ಟಲೆ ಹಿಡಿಯಿತು.

ಪರದೆಯ ಮೇಲೆ

ಇಷ್ಟಾಗಿ ಪರದೆಯ ಮೇಲೆ ಕಾಣುವುದೇನು?

ಒಂದು ಪುಟ್ಟ ಹೊತ್ತಿಗೆ. 10ನೇ ಶತಮಾನದ್ದು, ಅಂಗೈಯಗಲ. ಸತ್ತುಹೋದ ಮುದಿ ಎತ್ತೊಂದರ ಸದ್ಗತಿಗಾಗಿ ಅದರ ಒಡೆಯ ಸೂತ್ರ ಬರೆಸಿದ್ದಾನೆ. ಜೀವನವಿಡೀ ಉತ್ತ ಎತ್ತಿಗೆ ಪುಣ್ಯ ಸಲ್ಲಲಿ, ಮುಂದಿನ ಜನ್ಮದಲ್ಲಿ ಅದು ನೊಗ ಹೊರದಿರಲಿ ಎಂಬುದು ಅವನ ಆಸೆ.

ಒಂದು ಪತ್ರದ ಮಾದರಿ, 856ರ ತಾರೀಖಿನದು. ಹಿಂದಿನ ರಾತ್ರಿ ಔತಣದಲ್ಲಿ ಮಿತಿಮೀರಿ ಕುಡಿದು ಅಸಭ್ಯವಾಗಿ ನಡೆದುಕೊಂಡವನು ಬೆಳಿಗ್ಗೆ ಯಜಮಾನನಿಗೆ ಕ್ಷಮೆ ಕೇಳುವುದು ಹೇಗೆ ಎಂದು ಕಲಿಸುತ್ತದೆ. ಹೆಸರು ತುಂಬಿ ಕಳಿಸಿದರಾಯಿತು. ಮಾದರಿಯೇ ತಯಾರಿತ್ತೆಂದರೆ ಗಿರಾಕಿಗಳು ಕಡಿಮೆಯಿರಲಿಲ್ಲ. ಇನ್ನೊಂದೆಡೆ ಊರಿನ ಹೆಂಗಸರು ಕೂಡಿ ಬರೆದುಕೊಂಡ ಸಂಘದ ನಿಯಮಾವಳಿ. ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಬೇಕು, ತಪ್ಪಿದರೆ ದಂಡ. ಮತ್ತೊಂದೆಡೆ 1,300ಕ್ಕೂ ಹೆಚ್ಚು ತಾರೆಗಳನ್ನು ಗುರುತಿಸಿದ ಆಕಾಶದ ನಕಾಶೆ, ಉಳಿದುಬಂದ ಇಡಿಯ ತಾರಾಪಟಗಳಲ್ಲೇ ಅತ್ಯಂತ ಹಳೆಯದು. ಚೀನೀ, ಟಿಬೆಟನ್, ಸಂಸ್ಕೃತ, ಖೋತಾನಿ, ಸೊಗ್ಡಿಯನ್, ಉಯ್ಗುರ್ ಬರಹಗಳ ನಡುವೆ ಹೀಬ್ರೂ ಭಾಷೆಯ ಒಂದು ಪ್ರಾರ್ಥನೆಯ ಹಾಳೆ. ರೇಷ್ಮೆದಾರಿಯ ಮೇಲೆ ಯಾರು ಯಾರು ನಡೆದರೆಂಬುದಕ್ಕೆ ಇನ್ನೇನು ರುಜುವಾತು ಬೇಕು?

ಚಿತ್ರಗಳಿಗೆ ಬಂದರೆ ಪರದೆಯ ಉಪಕಾರ ಇನ್ನೂ ದೊಡ್ಡದು. ರೇಷ್ಮೆಗೆ ಬೆಳಕೇ ವೈರಿ. ಈ ಧ್ವಜಪಟಗಳನ್ನು ಸಂಗ್ರಹಾಲಯಗಳು ವರ್ಷಗಳಿಗೊಮ್ಮೆ, ಕೆಲವೇ ವಾರ, ಮಬ್ಬು ದೀಪದಡಿ ಹೊರಗಿಡುತ್ತವೆ. ಪರದೆಯಲ್ಲಾದರೆ ಪಟದ ತ್ರಿಕೋನದ ತಲೆ, ಇಕ್ಕೆಲದ ರೇಷ್ಮೆಬಾಲಗಳು, ಗಾಳಿಗೆ ಹಾರದಂತೆ ಬುಡಕ್ಕೆ ಕಟ್ಟಿದ ಮರದ ಪಟ್ಟಿ, ಬೋಧಿಸತ್ವನ ಕಣ್ಣೆವೆಯ ಒಂದೊಂದು ಗೆರೆಯವರೆಗೆ ನೋಡಬಹುದು. ಮೂಲೆಯಲ್ಲಿ ಕೈಮುಗಿದು ಕುಳಿತ ದಾನಿ, ಅವನ ಹೆಂಡತಿ, ಸಾಲಾಗಿ ಮಕ್ಕಳು. ಹೆಣ್ಣುಮಕ್ಕಳ ತುರುಬಿನಲ್ಲಿ ಬಾಚಣಿಗೆಗಳು.

ತುಂಡಾದದ್ದನ್ನು ಜೋಡಿಸುವುದೂ ಇಲ್ಲಿಯೇ. ಸತ್ತವರನ್ನು ವಿಚಾರಿಸುವ ಹತ್ತು ನರಕರಾಜರ ಚಿತ್ರಸುರುಳಿಯೊಂದಿದೆ. ಮೇಜಿನ ಹಿಂದೆ ಕುಳಿತ ರಾಜ, ಕಡತ ಹಿಡಿದ ಗುಮಾಸ್ತ, ಕೊರಳಿಗೆ ಹಲಗೆ ತೊಡಿಸಿಕೊಂಡ ಪಾಪಿ. ಅದರ ಒಂದು ತುಂಡು ಬ್ರಿಟಿಷ್ ಮ್ಯೂಸಿಯಂನಲ್ಲಿ, ಇನ್ನೊಂದು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ. ಸ್ಟೈನ್ ಆರಿಸಿಕೊಂಡು ಹೋದ ಮೇಲೆ ಉಳಿದದ್ದು ಪೆಲಿಯೊ ಪಾಲಿಗೆ ಬಂದಿತ್ತು. ಸಂಗ್ರಹಾಲಯಗಳು ಚಿತ್ರಗಳನ್ನು ಒಂದೇ ಪದ್ಧತಿಯಲ್ಲಿ ಕೊಡಲು ಒಪ್ಪಿದರೆ ಎರಡೂ ಊರಿನ ತುಂಡುಗಳನ್ನು ಒಂದೇ ಕಿಟಕಿಯಲ್ಲಿ ಅಂಚಿಗೆ ಅಂಚು ತಾಗಿಸಿ ನೋಡಬಹುದು. ಟ್ರಿಪಲ್ ಐ ಎಫ್ ಎಂದು ಗ್ರಂಥಾಲಯದವರು ಕರೆಯುವ ತಾಂತ್ರಿಕ ಒಪ್ಪಂದ ಇರುವುದು ಇದಕ್ಕೇ.

ಭಾರತದ ಓದುಗರು ತಡೆದು ನಿಲ್ಲಬೇಕಾದ ಚಿತ್ರ ಇನ್ನೊಂದು. ಭಾರತ ಮತ್ತು ಮಧ್ಯ ಏಷ್ಯಾದ ಹೆಸರಾಂತ ಬುದ್ಧವಿಗ್ರಹಗಳನ್ನು ಒಂದೇ ದೊಡ್ಡ ರೇಷ್ಮೆಯ ಮೇಲೆ ಸಾಲಾಗಿ ಬರೆದದ್ದು. 7–8ನೇ ಶತಮಾನದ್ದು ಎನ್ನುತ್ತಾರೆ. ಮಗಧದ ವಿಗ್ರಹ ಹೀಗಿದೆ, ಇಂಥ ಊರಿನದು ಹೀಗಿದೆ ಎಂದು ಪಕ್ಕದಲ್ಲಿ ಚೀನೀ ಬರಹ. ಹ್ಯೂಯೆನ್ ತ್ಸಾಂಗನಂಥವರು ಕಂಡು ಬಂದು ಹೇಳಿದ ಭಾರತ, ಅಲ್ಲಿಗೆ ಹೋಗಲಾಗದವರ ಕಣ್ಣಿಗೆ ಇಳಿದದ್ದು ಹೀಗೆ. ತೀರ್ಥಯಾತ್ರೆಗೆ ಬದಲಾಗಿ ನೋಡಲೆಂದು ಬರೆದಿರಬಹುದಾದ ಈ ಪ್ರತಿಗಳ ಪಟವೇ ಚೂರಾಗಿದೆ. ಕೆಲವು ಚೂರು ಲಂಡನ್ನಿನಲ್ಲಿ, ಕೆಲವು ದೆಹಲಿಯಲ್ಲಿ. 1931ರಲ್ಲಿ ಬ್ರಿಟಿಷ್ ವಿದ್ವಾಂಸ ಆರ್ಥರ್ ವೇಲಿ ಲಂಡನ್, ದೆಹಲಿ ಎರಡರ ಚಿತ್ರಗಳಿಗೂ ಕೂಡಿಸಿ ಒಂದೇ ಪಟ್ಟಿ ಮಾಡಿದ್ದ. ಜಾಲತಾಣಗಳು ಈಗ ಮಾಡುತ್ತಿರುವುದನ್ನು ಆ ಪುಸ್ತಕ ಕಾಗದದ ಮೇಲೆ ಮಾಡಿತ್ತು.

ಗುಹೆಗೂ ಉಸಿರು ಭಾರ

ಕೋಣೆಯ ಸುರುಳಿಗಳು ಚದುರಿದವು, ಸರಿ. ಗೋಡೆಯ ಚಿತ್ರಗಳು ಅಲ್ಲೇ ಇವೆಯಲ್ಲ? ಅವಕ್ಕೆ ಬೇರೆ ಕಂಟಕ. ಗುಹೆಯೊಳಗೆ ನುಗ್ಗುವ ಪ್ರವಾಸಿಗರ ಉಸಿರಿನ ತೇವ ಗೋಡೆಯ ಉಪ್ಪನ್ನು ಎಬ್ಬಿಸುತ್ತದೆ. ಉಪ್ಪು ಹರಳುಗಟ್ಟಿದಲ್ಲಿ ಬಣ್ಣದ ಪದರ ಹಪ್ಪಳೆ ಏಳುತ್ತದೆ. 1963ರಲ್ಲಿ ಇಲ್ಲಿಗೆ ಬಂದು, ಮುಂದೆ ಅಕಾಡೆಮಿಯ ನಿರ್ದೇಶಕಿಯಾದ ಫಾನ್ ಜಿನ್‌ಶಿ ಹಳೆಯ ಫೋಟೋಗಳ ಪಕ್ಕ ಇಂದಿನ ಗೋಡೆಗಳನ್ನಿಟ್ಟು ನೋಡಿ, ಸವೆತವನ್ನು ನಿಧಾನಿಸಬಹುದು, ನಿಲ್ಲಿಸಲಾಗದು ಎಂದು ಮನಗಂಡವರು. ಹಾಗಾದರೆ ಚಿತ್ರವನ್ನಾದರೂ ಉಳಿಸಿಕೊಳ್ಳೋಣ ಎಂಬ ಹಟ ಅವರದು. 1990ರ ದಶಕದ ಕೊನೆಗೆ ಅಮೆರಿಕದ ಮೆಲನ್ ಪ್ರತಿಷ್ಠಾನದ ಹಣ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂತ್ರಜ್ಞರು ಜೊತೆಗೂಡಿದರು.

ಗುಹೆಯೊಳಗೆ ಗೋಡೆಗೆ ಸಮನಾಗಿ ಹಳಿ ಹಾಕಿ, ಅದರ ಮೇಲೆ ಕ್ಯಾಮೆರಾ, ಫ್ಲ್ಯಾಶ್ ಜೋಡಿಸಿ, ಒಂದೊಂದು ಹೆಜ್ಜೆ ಸರಿಸುತ್ತ ಚಿತ್ರ ತೆಗೆಯುತ್ತಾರೆ. ಒಂದು ಗೋಡೆಗೆ ಸಾವಿರಾರು ತುಣುಕು. ಗೋಡೆ ಸಪಾಟಲ್ಲ, ಚಾವಣಿ ಇಳಿಜಾರು, ಮೂಲೆಯಲ್ಲಿ ವಿಗ್ರಹ ಅಡ್ಡ. ತುಣುಕುಗಳನ್ನು ಹೊಲಿಯುವ ಕೆಲಸ ತೆಗೆಯುವ ಕೆಲಸಕ್ಕಿಂತ ದೊಡ್ಡದು. 2016ರಲ್ಲಿ ಮೊದಲ 30 ಗುಹೆಗಳು ಜಾಲಕ್ಕೆ ಬಂದವು. ಸಂಗೀತಗಾರರು, ನರ್ತಕಿಯರು, ಆಕಾಶದಲ್ಲಿ ತೇಲುವ ಅಪ್ಸರೆಯರು, ತೀರ ಎತ್ತರದಲ್ಲಿ ಟಾರ್ಚ್ ಬೆಳಕಿಗೂ ಸಿಗದ ಚಾವಣಿಯ ತಾವರೆ, ಎಲ್ಲವೂ ಕಣ್ಣಿಗೆ ಹತ್ತಿರ. 2023ರಲ್ಲಿ ಅಕಾಡೆಮಿ ಟೆನ್ಸೆಂಟ್ ಕಂಪನಿಯೊಂದಿಗೆ ಸೇರಿ ಆಟದ ತಂತ್ರಜ್ಞಾನದಿಂದ 17ನೇ ಗುಹೆಯನ್ನು ತುಂಬಿದ ಸ್ಥಿತಿಯಲ್ಲೇ ಮತ್ತೆ ಕಟ್ಟಿತು. ಮೊಬೈಲ್ ಹಿಡಿದವರು ಒಳಗೆ ಹೋಗಿ ಹಾಂಗ್‌ಬಿಯಾನ್‌ನನ್ನೇ ಮಾತಾಡಿಸಿ ಬರಬಹುದು.

ನಿಜವಾದ ಕಣಿವೆಗೆ ಹೋದವರು ಮೊದಲು ಸಂದರ್ಶಕರ ಕೇಂದ್ರದಲ್ಲಿ ಚಲನಚಿತ್ರ ನೋಡುತ್ತಾರೆ, ಆಮೇಲೆ ಬಸ್ ಹತ್ತುತ್ತಾರೆ. ಸಾಮಾನ್ಯ ಟಿಕೆಟ್ಟಿನಲ್ಲಿ ಕಾಣಸಿಗುವುದು ಎಂಟು ಗುಹೆ. ಅಂಥ ಟಿಕೆಟ್ಟುಗಳಿಗೂ ದಿನಕ್ಕೆ 6,000ದ ಮಿತಿ. ಪರದೆಯಲ್ಲಿ ಹೆಚ್ಚು ನೋಡಿದಷ್ಟೂ ಗುಹೆಯಲ್ಲಿ ಕಡಿಮೆ ಹೊತ್ತು ನಿಂತರೆ ಸಾಕಾಗುತ್ತದೆ ಎಂಬ ಲೆಕ್ಕಾಚಾರ.

ಯಾರ ಹೆಸರಿನ ಸಂಖ್ಯೆ

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ಸುಲಿಗೆಕೋರರು ನುಗ್ಗಿದರು. ಕ್ಯಾಟಲಾಗು, ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಕಣ್ಮರೆಯಾದವು. ಗುಹೆ ಮುಚ್ಚಲು ಇಟ್ಟಿಗೆ, ಗಾರೆ, ಕುಂಚ ಬೇಕಾಗಿತ್ತು. ಸರ್ವರ್ ಮುಚ್ಚಲು ಒಂದು ರಾತ್ರಿ ಸಾಕು. ಚಿತ್ರಗಳ ಪ್ರತಿ ಹಲವು ದೇಶದ ಹಲವು ಯಂತ್ರಗಳಲ್ಲಿರಬೇಕು ಎನ್ನುವವರ ಮಾತಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿರಲಿಲ್ಲ. 2024ರಲ್ಲಿ, ಮೂವತ್ತು ತುಂಬಿದ ಡುನ್‌ಹುವಾಂಗ್ ಯೋಜನೆ ಹೊಸ ತಾಣದೊಂದಿಗೆ ಮತ್ತೆ ಕಾಣಿಸಿಕೊಂಡಿತು.

ಒಡೆತನದ ಪ್ರಶ್ನೆಯೂ ಇದ್ದಲ್ಲೇ ಇದೆ. ಡುನ್‌ಹುವಾಂಗ್‌ನ ಚದುರುವಿಕೆ ಚೀನಾದಲ್ಲಿ ಇಂದಿಗೂ ಮಾಯದ ಗಾಯ. ಚಿತ್ರ ಕೊಟ್ಟು ವಸ್ತುವಿನ ಮಾತು ತೇಲಿಸುವ ಉಪಾಯ ಇದು ಎಂದು ಶಂಕಿಸುವವರಿದ್ದಾರೆ. ಶಂಕೆಗೆ ಆಧಾರವಿಲ್ಲದಿಲ್ಲ. ಆದರೆ ಆ ತಾಣಗಳ ಒಂದೊಂದು ಪುಟದ ತಲೆಯ ಮೇಲೂ ಒಂದು ಸಂಖ್ಯೆ ಇದೆ. ಎಸ್ ಎಂದರೆ ಸ್ಟೈನ್. ಪಿ ಎಂದರೆ ಪೆಲಿಯೊ. ಸುರುಳಿಯನ್ನು ಬರೆದವನ ಹೆಸರು ಎಷ್ಟೋ ಸಲ ಗೊತ್ತಿಲ್ಲ, ಒಯ್ದವನ ಹೆಸರು ಮಾತ್ರ ಲಂಡನ್, ಪ್ಯಾರಿಸ್ಸಿನ ಹಾಳೆಗಳಿಗೆ ಅಂಟಿದೆ. ಅದರ ಕೆಳಗೆ ಅದು ಈಗ ಯಾವ ದೇಶದ ಯಾವ ಸಂಸ್ಥೆಯಲ್ಲಿದೆ ಎಂಬ ಸಾಲು. ಮೊದಲು ಈ ಲೆಕ್ಕ ಕೆಲವೇ ವಿದ್ವಾಂಸರ ಕಪಾಟಿನಲ್ಲಿತ್ತು. ಈಗ ಡುನ್‌ಹುವಾಂಗ್‌ನ ಶಾಲೆಯ ಹುಡುಗಿಗೂ, ಧಾರವಾಡದ ಇತಿಹಾಸದ ವಿದ್ಯಾರ್ಥಿಗೂ ಒಂದೇ ಪುಟ ತೆರೆಯುತ್ತದೆ.

ದೆಹಲಿಯ ಪಾಲಿನ ಕೆಲಸ ನಮ್ಮದು. ಕೇಂದ್ರ ಸರ್ಕಾರದ 'ಮ್ಯೂಸಿಯಮ್ಸ್ ಆಫ್ ಇಂಡಿಯಾ' ತಾಣದಲ್ಲಿ ಪುಣೆಯ ಸಿ-ಡ್ಯಾಕ್ ರೂಪಿಸಿದ 'ಜತನ್' ತಂತ್ರಾಂಶದ ನೆರವಿನಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಸ್ತುಗಳ ಚಿತ್ರಗಳಿವೆ. ಹ್ಯೂಯೆನ್ ತ್ಸಾಂಗನ ಕಾಲದ ಬುದ್ಧವಿಗ್ರಹಗಳ ಆ ರೇಷ್ಮೆಪಟದ ದೆಹಲಿ ಚೂರುಗಳು ಲಂಡನ್ ಚೂರುಗಳ ಪಕ್ಕದಲ್ಲಿ, ಅಷ್ಟೇ ಸ್ಪಷ್ಟವಾಗಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ನಿಲ್ಲಬೇಕು. ವಸ್ತು ಯಾರದೆಂಬ ವಾದಕ್ಕೆ ಚಿತ್ರ ತೀರ್ಪಾಗಲಾರದು, ಸಾಕ್ಷಿಯಂತೂ ಹೌದು. ಸಾಕ್ಷಿ ಎಲ್ಲರ ಕಣ್ಣೆದುರು ಇದ್ದಮೇಲೆ ವಾದಿಸುವವರೂ ಹತ್ತು ಮಂದಿ ಪಂಡಿತರಷ್ಟೇ ಆಗಿರಬೇಕಾದ್ದಿಲ್ಲ.